ಪ್ರವೇಶ ಪರೀಕ್ಷೆಯ ಹೊಸ್ತಿಲಲ್ಲಿ ನಮ್ಮ ಮಕ್ಕಳು

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಅಷ್ಟಾವರಣ ಪಂಚಾಚಾರಗಳ ವಿಚಾರವನ್ನು ಪ್ರತಿಪಾದಿಸುವುದು ನನ್ನಂತಹ ಪಾಠಶಾಲೆಯವನಿಗೆ ಸುಲಭವು. ಆದರೆ ಈ ದಿನ ನನಗೆ ಒಪ್ಪಿಸಲ್ಪಟ್ಟಿರುವ ವಿಷಯವು ಬೇರೆಯದು. ದೊಡ್ಡ ಶಾಲೆಗಳ ಪ್ರವೇಶ ಪರೀಕ್ಷೆಗೆ ಎಳೆಯ ಮಕ್ಕಳನ್ನು ಹೇಗೆ ಸಿದ್ಧಗೊಳಿಸಬೇಕು ಎಂಬುದೇ ಅದು. ಪರೀಕ್ಷೆಯ ದಿನಗಳು ಸಮೀಪಿಸಿದಾಗ ಎಷ್ಟೋ ಮಂದಿ ತಂದೆತಾಯಿಗಳು ಮಗುವಿನ ಪ್ರವೇಶಪತ್ರವನ್ನು ತಂದು ಕರ್ತೃಗದ್ದುಗೆಯ ಮುಂದೆ ಇಟ್ಟು ಆಶೀರ್ವಾದ ಬೇಡುವರು. ಆದಕಾರಣ ಇದು ಮಠದ ವಿಷಯವೂ ಅಹುದು.

ಮೊದಲು ಕಾಯಿದೆಯ ಮಾತು. ೨೦೦೯ರಲ್ಲಿ ಅಂಗೀಕೃತವಾಗಿ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣ ಹಕ್ಕಿನ ಕಾಯಿದೆಯು, ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಅದರ ತಂದೆತಾಯಿಗಳನ್ನಾಗಲಿ ಆಯ್ಕೆಯ ಪರೀಕ್ಷೆಗೆ ಒಳಪಡಿಸಕೂಡದೆಂದೂ, ವಂತಿಗೆ ಹಣ ಪಡೆಯಕೂಡದೆಂದೂ ತನ್ನ ೧೩ನೆಯ ಪ್ರಕರಣದಲ್ಲಿ ವಿಧಿಸಿರುವುದು. ಪರೀಕ್ಷಿಸಿದವರಿಗೆ ಮೊದಲ ಸಲ ೨೫,೦೦೦ ರೂಪಾಯಿಯವರೆಗೆ, ಅನಂತರದ ಪ್ರತಿಸಲಕ್ಕೆ ೫೦,೦೦೦ ರೂಪಾಯಿಯವರೆಗೆ ದಂಡವುಂಟು. ಅಲ್ಪಸಂಖ್ಯಾತರ ಸಂಸ್ಥೆಗಳನ್ನು ೨೦೧೪ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇದರಿಂದ ಹೊರಗಿಟ್ಟಿರುವುದು. ಅದು ಬೇರೆ ಮಾತು. ಮಿಕ್ಕ ಖಾಸಗಿ ಶಾಲೆಯೊಂದು ಒಂದನೆಯ ತರಗತಿಯ ಕೂಸನ್ನು ಕುರ್ಚಿಯ ಮೇಲೆ ಕೂರಿಸಿ ಪ್ರಶ್ನೆ ಕೇಳಿದರೆ ತಪ್ಪು ಆ ಶಾಲೆಯದು, ಉತ್ತರ ಬಾರದ ಕೂಸಿನದಲ್ಲ. ಅಂತಹ ಪ್ರಶ್ನೆಗಳಿಗಾಗಿ ಆರು ವರ್ಷದ ಮಗುವಿಗೆ ಮನೆಪಾಠ ಹೇಳಿಸುವುದನ್ನು ತಾವು ಈ ದಿನವೇ ನಿಲ್ಲಿಸಬಹುದು.

ಆದರೆ ನ್ಯಾಯವಾಗಿ ನಡೆಯುವ ಪರೀಕ್ಷೆಗಳೂ ಉಂಟು. ೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹರಡಿದ ನವೋದಯ ವಿದ್ಯಾಲಯಗಳು, ೧೯೬೩ರಲ್ಲಿ ಸ್ಥಾಪಿತವಾದ ವಿಜಯಪುರದ ಸೈನಿಕ ಶಾಲೆ, ಹೆಣ್ಣುಮಕ್ಕಳಿಗಾಗಿ ಇರುವ ಕಿತ್ತೂರಿನ ಶಾಲೆ, ಇವೆಲ್ಲ ಆರನೆಯ ತರಗತಿಗೆ ಪರೀಕ್ಷೆಯಿಂದಲೇ ಮಕ್ಕಳನ್ನು ಆರಿಸುವುವು. ನಮ್ಮ ಭಕ್ತರ ಮಕ್ಕಳು ಹೆಚ್ಚಾಗಿ ಎದುರಿಸುವುದು ಇವನ್ನೇ. ಆದುದರಿಂದ ಅವುಗಳ ಸ್ವರೂಪವನ್ನು ಅರಿತು ನಡೆಯಬೇಕು.

ನವೋದಯದ ಪರೀಕ್ಷೆಯಲ್ಲಿ ಎರಡು ಗಂಟೆಗಳಲ್ಲಿ ೮೦ ಪ್ರಶ್ನೆಗಳು, ೧೦೦ ಅಂಕಗಳು. ಅದರಲ್ಲಿ ೫೦ ಅಂಕ ಆಕೃತಿಗಳ ಮೂಲಕ ಬುದ್ಧಿಯನ್ನು ಅಳೆಯುವ ೪೦ ಪ್ರಶ್ನೆಗಳಿಗೆ. ಗಣಿತಕ್ಕೆ ೨೫, ಭಾಷೆಗೆ ೨೫. ಸೈನಿಕ ಶಾಲೆಯದು ಎರಡೂವರೆ ಗಂಟೆಯ ಪರೀಕ್ಷೆ; ೧೨೫ ಪ್ರಶ್ನೆಗಳು, ೩೦೦ ಅಂಕಗಳು. ಅದರಲ್ಲಿ ಅರ್ಧಭಾಗ, ಎಂದರೆ ೧೫೦ ಅಂಕ, ಗಣಿತಕ್ಕೇ ಮೀಸಲು. ಎರಡನ್ನೂ ಕನ್ನಡದಲ್ಲಿಯೇ ಬರೆಯಬಹುದು. ಎರಡರಲ್ಲಿಯೂ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಷ್ಟನ್ನು ತಿಳಿದವರಿಗೆ, ಮಗುವನ್ನು ಇಂಗ್ಲಿಷ್ ಕಂಠಪಾಠಕ್ಕೆ ಹಚ್ಚಿ ಬಳಲಿಸುವುದು ವ್ಯರ್ಥವೆಂಬುದು ತಾನೇ ಹೊಳೆಯುವುದು.

ಹಾಗಾದರೆ ಸಿದ್ಧತೆ ಹೇಗಿರಬೇಕು? ಭಾಷೆಯ ಭಾಗದಲ್ಲಿ ಒಂದು ಗದ್ಯಖಂಡವನ್ನು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುವರು. ಇದಕ್ಕೆ ಮದ್ದು ಒಂದೇ: ದಿನಂಪ್ರತಿ ಓದುವುದು. ಸಂಜೆಯ ಪೂಜೆಯಾದ ಬಳಿಕ ಮಗು ಒಂದು ಪುಟವನ್ನು ಗಟ್ಟಿಯಾಗಿ ಓದಲಿ. ಮನೆಯ ಹಿರಿಯರು ಕುಳಿತು ಕೇಳಲಿ. ಓದಿದುದನ್ನು ಮಗು ತನ್ನ ಮಾತಿನಲ್ಲಿ ಹೇಳಲಿ. ಅಕ್ಷರ ಬಾರದ ಅಜ್ಜಿಯೂ ಈ ಪಾಠಕ್ಕೆ ಉತ್ತಮ ಗುರುವಾಗಬಲ್ಲಳು. ಏಕೆಂದರೆ ಆಕೆಗೆ ತಿಳಿಯುವಂತೆ ಹೇಳಬೇಕಾದರೆ ಮಗುವಿಗೆ ಮೊದಲು ತಾನು ತಿಳಿದಿರಬೇಕಾಗುವುದು.

ಗಣಿತಕ್ಕೆ ಮಗ್ಗಿಯೂ ಬಾಯಿಲೆಕ್ಕವೂ ಅಡಿಗಲ್ಲು. ಹಿಂದಿನವರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಹೇಳಿಸುತ್ತಿದ್ದರು. ಇಂದಿನ ಭಿನ್ನರಾಶಿಯ ಲೆಕ್ಕಗಳಲ್ಲಿ ಮಕ್ಕಳು ಎಡವುವುದು ಅಲ್ಲಿಯೇ. ಸಂತೆಗೆ ಹೋಗುವಾಗ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಮುಕ್ಕಾಲು ಕಿಲೋ ಬೇಳೆಗೆ ಎಷ್ಟಾಯಿತು, ನೂರು ರೂಪಾಯಿಗೆ ಚಿಲ್ಲರೆ ಎಷ್ಟು ಬರಬೇಕು ಎಂದು ಕೇಳಿರಿ. ಆಕೃತಿಯ ಪ್ರಶ್ನೆಗಳಿಗೆ ನಮ್ಮ ಅಂಗಳದ ರಂಗೋಲಿಯೇ ಪಾಠಶಾಲೆ. ಕನ್ನಡಿಯಲ್ಲಿ ಆಕೃತಿಯು ಹೇಗೆ ಕಾಣುವುದು, ಮಡಿಸಿ ಕತ್ತರಿಸಿದ ಕಾಗದವನ್ನು ಬಿಚ್ಚಿದರೆ ರಂಧ್ರಗಳು ಎಲ್ಲೆಲ್ಲಿ ಇರುವುವು, ಇಂತಹವೇ ಅಲ್ಲಿಯ ಪ್ರಶ್ನೆಗಳು. ಪುಸ್ತಕದಲ್ಲಿ ನೋಡುವುದಕ್ಕಿಂತ ಕತ್ತರಿಯನ್ನೂ ಹಳೆಯ ಕಾಗದವನ್ನೂ ಮಗುವಿನ ಕೈಗೆ ಕೊಟ್ಟರೆ ಬೇಗ ತಿಳಿಯುವುದು.

ಕಡೆಯ ಎರಡು ತಿಂಗಳಲ್ಲಿ ಮಾತ್ರ ಗಡಿಯಾರವನ್ನು ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲಿ. ನವೋದಯದಲ್ಲಿ ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷ, ಸೈನಿಕ ಶಾಲೆಯಲ್ಲಿ ೭೨ ಸೆಕೆಂಡು ಮಾತ್ರ ದೊರೆಯುವುದು. ಬಾರದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಿ ಮತ್ತೆ ಹಿಂದಿರುಗುವುದನ್ನೂ, ಉತ್ತರದ ವೃತ್ತವನ್ನು ಅಚ್ಚುಕಟ್ಟಾಗಿ ತುಂಬುವುದನ್ನೂ ಅಭ್ಯಾಸ ಮಾಡಿಸಬೇಕು. ಇವೆಲ್ಲಕ್ಕಿಂತ ಮಿಗಿಲಾದುದು ನಿದ್ರೆ. ರಾತ್ರಿ ಹನ್ನೊಂದರವರೆಗೆ ಎಚ್ಚರವಿರಿಸಿ ಹೇಳಿಸಿದ ಪಾಠವು ಬೆಳಗಿನ ಹೊತ್ತಿಗೆ ಉಳಿಯದು.

ಇಲ್ಲಿ ನಮ್ಮ ಪಾಠಶಾಲೆಗಳ ಪದ್ಧತಿಯನ್ನು ಕುರಿತು ಒಂದು ಮಾತು. ಅಲ್ಲಿ ಅಮರಕೋಶದ ಮೂರು ಕಾಂಡಗಳನ್ನು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಿಸುತ್ತಿದ್ದುದನ್ನು ಕಂಡು ಕೆಲವರು, ಇಂದಿನ ತರಬೇತಿ ತರಗತಿಗಳೂ ಅದೇ ಅಲ್ಲವೇ ಎಂದು ಕೇಳುವರು. ಅಲ್ಲ. ಪಾಠಶಾಲೆಯಲ್ಲಿ ಕಂಠಪಾಠದ ಹಿಂದೆಯೇ ವ್ಯಾಖ್ಯಾನವು ಬರುತ್ತಿದ್ದಿತು. ಶಿಷ್ಯನು ಪಡೆದ ಶಬ್ದವು ಕಾವ್ಯದಲ್ಲಿಯೂ ಶಾಸ್ತ್ರದಲ್ಲಿಯೂ ಜೀವಮಾನವೆಲ್ಲ ಉಪಯೋಗಕ್ಕೆ ಬರುತ್ತಿದ್ದಿತು. ಪರೀಕ್ಷೆಯ ಮರುದಿನವೇ ಮರೆತುಹೋಗುವ ಯುಕ್ತಿಗಳನ್ನು ಕಲಿಸಿ, ಅದಕ್ಕಾಗಿ ಮಗುವಿನ ಆಟವನ್ನೂ ನಿದ್ರೆಯನ್ನೂ ಬೆಲೆಯಾಗಿ ತೆಗೆದುಕೊಳ್ಳುವುದು ವಿದ್ಯೆಯೂ ಅಲ್ಲ, ತಪಸ್ಸೂ ಅಲ್ಲ. ಪರೀಕ್ಷೆಯು ಇಲ್ಲದೆ ಹೋದರೂ ಮಗುವಿಗೆ ಪ್ರಯೋಜನವಾಗುವ ಅಭ್ಯಾಸವನ್ನೇ ಮಾಡಿಸಿರಿ. ನಾನು ಹೇಳಿದ ಓದು, ಬಾಯಿಲೆಕ್ಕ, ರಂಗೋಲಿಗಳು ಅಂತಹವು.

ಇನ್ನು ಮಗುವಿನ ಇಚ್ಛೆ. ಈ ಶಾಲೆಗಳೆಲ್ಲ ವಸತಿ ಶಾಲೆಗಳು. ಗೆದ್ದ ಮಗುವು ಹತ್ತನೆಯ ಹನ್ನೊಂದನೆಯ ವಯಸ್ಸಿನಲ್ಲಿಯೇ ತಾಯಿಯ ಮಡಿಲನ್ನು ಬಿಟ್ಟು ಹೋಗಬೇಕು. ಅರ್ಜಿ ತುಂಬುವ ಮೊದಲು ಮಗುವನ್ನು ಎದುರಿಗೆ ಕೂರಿಸಿಕೊಂಡು, ಅಲ್ಲಿಯ ಜೀವನ ಹೇಗಿರುವುದೆಂದು ನಿಜವನ್ನು ಹೇಳಿ, ನೀನು ಹೋಗುವೆಯಾ ಎಂದು ಕೇಳಿದ ತಂದೆಗಳು ಎಷ್ಟು ಮಂದಿ?

ಈಗ ಮುಖ್ಯವಾದ ಮಾತಿಗೆ ಬರುವೆನು. ನವೋದಯ ವಿದ್ಯಾಲಯವೊಂದರಲ್ಲಿ ವರ್ಷಕ್ಕೆ ಆರನೆಯ ತರಗತಿಗೆ ಹೆಚ್ಚೆಂದರೆ ೮೦ ಮಕ್ಕಳಿಗೆ ಸ್ಥಳವುಂಟು. ಆ ಪರೀಕ್ಷೆಯನ್ನು ಮಗು ಎರಡನೆಯ ಸಲ ಬರೆಯುವಂತಿಲ್ಲ. ಜಿಲ್ಲೆಯ ಎಲ್ಲ ತಾಲ್ಲೂಕುಗಳಿಂದ ಬಂದು ಬರೆದವರಲ್ಲಿ ಬಹುಪಾಲು ಮಕ್ಕಳು ಬರಿಗೈಯಲ್ಲಿ ಹಿಂದಿರುಗುವುದು ಲೆಕ್ಕದಿಂದಲೇ ನಿಶ್ಚಿತವಾದುದು. ಎಂದಮೇಲೆ ಗೆಲ್ಲುವುದಕ್ಕೆ ಮಾತ್ರ ಸಿದ್ಧಗೊಳಿಸಿ, ಗೆಲ್ಲದೆ ಇರುವುದಕ್ಕೆ ಸಿದ್ಧಗೊಳಿಸದ ತಂದೆತಾಯಿಗಳು ಅರ್ಧ ಕೆಲಸವನ್ನೇ ಮಾಡಿದಂತಾಯಿತು. ಫಲಿತಾಂಶದ ದಿನ, ನಿನಗಾಗಿ ಸುರಿದ ಹಣವೆಲ್ಲ ನೀರಿನಲ್ಲಿ ಹೋಯಿತೆಂದು ತಂದೆ ಅಂದ ಮಾತು ಮಗುವಿನ ಎದೆಯಲ್ಲಿ ಬಹುಕಾಲ ನಿಲ್ಲುವುದು. ನೆರೆಮನೆಯ ಮಗುವಿನ ಅಂಕವನ್ನು ಹೋಲಿಸಿ ಆಡಿದ ಮಾತೂ ಹಾಗೆಯೇ.

ಭಕ್ತರಾದ ನಮ್ಮಲ್ಲಿ ಇನ್ನೂ ಒಂದು ತೊಡಕುಂಟು. ಪರೀಕ್ಷೆಗೆ ಮುಂಚೆ ಮಗುವಿನ ಹೆಸರಿನಲ್ಲಿ ಹರಕೆ ಹೊರುವೆವು. ಸ್ಥಳ ದೊರೆಯದೆ ಹೋದರೆ ಆ ಎಳೆಯ ಮನಸ್ಸು ಏನೆಂದು ತಿಳಿಯುವುದು? ಗುರುವು ನನ್ನ ಕೈಬಿಟ್ಟನು, ಶಿವನಿಗೆ ನಾನು ಬೇಡವಾದೆನು ಎಂದು ತಿಳಿದರೆ, ಆ ತಪ್ಪುತಿಳಿವಳಿಕೆಗೆ ಹೊಣೆ ಯಾರು? ನಮ್ಮ ಧರ್ಮದಲ್ಲಿ ಗುರುವು ಮಗುವಿನ ಅಂಗದ ಮೇಲೆ ಇಷ್ಟಲಿಂಗವನ್ನು ಧರಿಸುವಾಗ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ, ಅಂಕವನ್ನು ಎಣಿಸಲಿಲ್ಲ. ಬುದ್ಧಿವಂತನಿಗೆ ದೊಡ್ಡ ಲಿಂಗ, ಮಂದನಿಗೆ ಚಿಕ್ಕ ಲಿಂಗ ಎಂಬುದಿಲ್ಲ. ಆದುದರಿಂದ ಹರಕೆಯನ್ನು ಫಲಕ್ಕೆ ಕಟ್ಟದೆ, ಮಗುವಿಗೆ ನೆಮ್ಮದಿಯಿಂದ ಬರೆಯುವ ಶಕ್ತಿ ಬರಲೆಂದು ಮಾತ್ರ ಪ್ರಾರ್ಥಿಸಿರಿ. ಫಲಿತಾಂಶ ಏನೇ ಬರಲಿ, ಆ ಸಂಜೆ ಮಗುವನ್ನು ಮತ್ತೆ ಗದ್ದುಗೆಗೆ ಕರೆತನ್ನಿರಿ. ಗೆದ್ದವರು ಮಾತ್ರ ಬಂದು ಕಾಯಿ ಒಡೆಸುವ ವಾಡಿಕೆ ನಿಲ್ಲಬೇಕು.

ಮಹಾಜನಗಳೇ, ನಮ್ಮ ನಾಡಿನಲ್ಲಿ ಶಿಕ್ಷಣವನ್ನು ಬೆಳೆಸಿದ ಹಿರಿಯರನ್ನು ಈ ಮಹೋತ್ಸವದಲ್ಲಿ ಸ್ಮರಿಸುವುದು ಉಚಿತವು. ವಚನಪಿತಾಮಹರಾದ ಫ. ಗು. ಹಳಕಟ್ಟಿಯವರು ೧೯೧೦ರಲ್ಲಿ ವಿಜಯಪುರದಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಜನ್ಮತಾಳಿತು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ೨೦೧೯ರಲ್ಲಿ ಲಿಂಗೈಕ್ಯರಾಗುವವರೆಗೆ ನಡೆಸಿದರು. ಇವರೆಲ್ಲರ ಕಣ್ಣು ಇದ್ದುದು ವಿದ್ಯೆಯಿಲ್ಲದೆ ಹಿಂದುಳಿದ ಮಕ್ಕಳ ಮೇಲೆ.

ಆ ದಾರಿಯಲ್ಲಿ ಶ್ರೀಮಠಕ್ಕೆ ನನ್ನದೊಂದು ವಿಜ್ಞಾಪನೆಯುಂಟು. ಹಣವುಳ್ಳವರು ತರಬೇತಿ ತರಗತಿಗೆ ಕಳುಹಿಸುವರು. ಕೂಲಿಮಾಡುವವರ ಮಕ್ಕಳಿಗೆ ಅದು ಎಟುಕದು. ಆದಕಾರಣ ಮಠದ ಹಜಾರದಲ್ಲಿ ಪ್ರತಿಸಂಜೆ ಒಂದು ಗಂಟೆಯ ಓದಿನ ಮನೆಯನ್ನು ತೆರೆಯಬೇಕು. ಊರಿನ ಯಾವ ಜಾತಿಯ ಮಗುವೇ ಆಗಲಿ, ಪರೀಕ್ಷೆಗೆ ಕುಳ್ಳಿರುವುದಾಗಲಿ ಬಿಡಲಿ, ಅಲ್ಲಿಗೆ ಬರಬಹುದಾಗಿರಬೇಕು. ನಿವೃತ್ತ ಉಪಾಧ್ಯಾಯರು ನಮ್ಮ ಭಕ್ತರಲ್ಲಿಯೇ ಇರುವರು. ಅವರು ವಾರಕ್ಕೊಂದು ಸಂಜೆಯನ್ನು ದಾಸೋಹವೆಂದು ಕೊಟ್ಟರೆ ಸಾಕು. ಸನ್ನಿಧಿಯ ಅಪ್ಪಣೆಯಾದರೆ ಸೋಮವಾರದ ಪಾಳಿಯನ್ನು ನಾನು ಹೊರುವೆನು.