ನೀರಿನ ರಾಕೆಟ್: ಎರಡು ಭಾಷೆಯಲ್ಲಿ ಒಂದು ಪಾಠ



ಉರ್ದು, ಕನ್ನಡ ಕಲಿಸುವವರಿಗೆ ರಾಕೆಟ್ಟಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ಕಾರಣವಿದೆ. ಏಳನೆಯ ತರಗತಿಯವರೆಗೆ ಉರ್ದುವಿನಲ್ಲಿ ಓದಿ, ಎಂಟಕ್ಕೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಸೇರುವ ಮಕ್ಕಳು ವಿಜ್ಞಾನದ ತರಗತಿಯಲ್ಲಿ ಬಾಯಿ ಬಿಡುವುದಿಲ್ಲ. ನಿನ್ನೆಯವರೆಗೆ ‘ದಬಾವ್’ ಆಗಿದ್ದದ್ದು ಇಂದು ‘ಒತ್ತಡ’ವಾಗುತ್ತದೆ, ‘ಅಮಲ್, ರದ್ದೆ ಅಮಲ್’ ಹೋಗಿ ‘ಕ್ರಿಯೆ, ಪ್ರತಿಕ್ರಿಯೆ’ ಬರುತ್ತದೆ. ಜಾಣ ಮಗುವೂ ದಡ್ಡ ಎನಿಸಿಕೊಳ್ಳುವುದು ಇಲ್ಲಿಯೇ. ಹೆಣ್ಣುಮಕ್ಕಳಾದರೆ ಶಾಲೆ ಬಿಡಿಸಲು ಮನೆಯವರಿಗೆ ಅಷ್ಟೇ ನೆಪ ಸಾಕು.

ನೀರಿನ ರಾಕೆಟ್ಟಿಗೆ ಹೆಚ್ಚು ಖರ್ಚಿಲ್ಲ. ದಸರೆಯ ಕಾರಣಿಕಕ್ಕೆ ಜನ ಸೇರಿ ಹೋದ ಮೇಲೆ ದೇವರಗುಡ್ಡದಲ್ಲಿ ಖಾಲಿ ಬಾಟಲಿಗಳಿಗೇನೂ ಬರವಿಲ್ಲ. ಎರಡು ಲೀಟರಿನ ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯನ್ನೇ ಆರಿಸಬೇಕು. ಒಳಗಿನ ಗ್ಯಾಸಿನ ಒತ್ತಡ ತಾಳಲೆಂದೇ ಅದನ್ನು ಮಾಡಿರುತ್ತಾರೆ. ಕುಡಿಯುವ ನೀರಿನ ತೆಳು ಬಾಟಲಿ, ಗೀರು ಬಿದ್ದ ಬಾಟಲಿ ಬೇಡ. ರಟ್ಟಿನ ಮೂರು ರೆಕ್ಕೆ ಅಂಟಿಸಿ, ಮೂರನೆಯ ಒಂದು ಪಾಲು ನೀರು ತುಂಬಿ, ಸೈಕಲ್ ಟ್ಯೂಬಿನ ವಾಲ್ವ್ ತೂರಿಸಿದ ರಬ್ಬರ್ ಬಿರಡೆಯನ್ನು ಬಿಗಿಯಾಗಿ ಹಾಕಿ, ಬಾಯಿ ಕೆಳಗಾಗಿ ನಿಲ್ಲಿಸಬೇಕು. ಪಂಪಿಗೆ ಉದ್ದನೆಯ ಪೈಪು ಇರಲಿ. ಎಲ್ಲರೂ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಹಾರಲಿಲ್ಲವೆಂದು ಯಾರೂ ಬಗ್ಗಿ ನೋಡಕೂಡದು. ಬಯಲಿನಲ್ಲಿ, ಶಿಕ್ಷಕರ ಎದುರಿಗೇ ಇದು ನಡೆಯಬೇಕು.

ಗಾಳಿ ಹೊಡೆದಂತೆ ಒತ್ತಡ ಏರಿ ಬಿರಡೆ ಕಳಚಿಕೊಳ್ಳುತ್ತದೆ. ಗಾಳಿ ನೀರನ್ನು ಕೆಳಗೆ ದಬ್ಬುತ್ತದೆ, ಬಾಟಲಿ ಮೇಲಕ್ಕೆ ಚಿಮ್ಮುತ್ತದೆ. ಸುತ್ತ ನಿಂತವರ ಬಟ್ಟೆಯೂ ಒದ್ದೆಯಾಗುತ್ತದೆ, ಅದು ಬೇರೆ ಮಾತು. ನ್ಯೂಟನ್ನನ ಮೂರನೆಯ ನಿಯಮ ಕಣ್ಣೆದುರಿಗೇ ನಡೆದ ಮೇಲೆ ಅದಕ್ಕೆ ಉರ್ದು ಹೆಸರೂ ಕನ್ನಡ ಹೆಸರೂ ಒಟ್ಟಿಗೇ ನಿಲ್ಲುತ್ತವೆ.

ಬಾಟಲಿಯ ಗಟ್ಟಿತನದ ಮಾತು ಬಂದಾಗ ಮಕ್ಕಳಿಗೆ ನಮ್ಮ ನಾಡಿನ ಚರಿತ್ರೆಯನ್ನೂ ಹೇಳಬಹುದು. ಹೈದರಾಲಿ, ಟಿಪ್ಪು ಸುಲ್ತಾನರ ರಾಕೆಟ್ಟುಗಳ ಗುಟ್ಟು ಕಬ್ಬಿಣದ ಕೊಳವೆಯಲ್ಲಿತ್ತು. ಕಾಗದ, ಬಿದಿರುಗಳಿಗಿಂತ ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತಿದ್ದುದರಿಂದ ಅವು ದೂರ ಹಾರುತ್ತಿದ್ದವು. 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರು ಅದರ ಪೆಟ್ಟು ಕಂಡರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವನ್ನು ತಮ್ಮ ದೇಶಕ್ಕೆ ಒಯ್ದರು. ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟುಗಳನ್ನು ರೂಪಿಸಿದ್ದು ಆಮೇಲೆ. 2018ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯೊಂದರ ಹೂಳು ತೆಗೆದಾಗ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಆ ಕಾಲದ ಕಮ್ಮಾರರು ಯಾವ ಪುಸ್ತಕ ಓದಿದ್ದರೋ!

ನನಗೆ ಹೆಚ್ಚು ಖುಷಿ ಕೊಡುವುದು ಹಾರಾಟದ ನಂತರದ ಪ್ರಶ್ನೆಗಳು. “ನೀರೇ ಇಲ್ಲದಿದ್ದರೆ ಹಾರುವುದಿಲ್ಲವೇ?” ಎಂದು ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು, ಅರ್ಧ ಉರ್ದು, ಅರ್ಧ ಕನ್ನಡದಲ್ಲಿ. ಹಾರಿಸಿ ನೋಡು ಎಂದೆ. ಹಾರಿತು, ಆದರೆ ಸ್ವಲ್ಪವೇ. ಗಾಳಿ ಹಗುರ, ಹೊರಗೆ ದಬ್ಬಲು ಭಾರವಾದದ್ದು ಬೇಕು. ಬಾಟಲಿ ತುಂಬ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ, ಆಗಲೂ ಸೋಲು. ಎತ್ತರ ಅಳೆಯಲು ಕೋನಮಾಪಕ, ದಾರ, ಒಂದು ಕಲ್ಲು ಸಾಕು. ನೇರ ಮೇಲೇರಿದ ರಾಕೆಟ್ 30 ಮೀಟರ್ ದೂರ ನಿಂತವರಿಗೆ 45 ಡಿಗ್ರಿಯಲ್ಲಿ ಕಂಡರೆ, ಅದು ಅವರ ಕಣ್ಣಿನ ಮಟ್ಟದಿಂದ 30 ಮೀಟರ್ ಏರಿದೆ ಎಂದರ್ಥ.

ಸದ್ಯ ನಾವು ಅಂದಾಜಿನ ಮೇಲೆ ಗಾಳಿ ಹೊಡೆಯುತ್ತಿದ್ದೇವೆ. ಸಂಸ್ಥೆಯ ಸದಸ್ಯರಲ್ಲಿ ಯಾರಾದರೂ ಒತ್ತಡ ತೋರಿಸುವ ಮುಳ್ಳಿರುವ ಪಂಪೊಂದನ್ನು ಕೊಡಿಸಿದರೆ, ಮಕ್ಕಳು ಲೆಕ್ಕವನ್ನು ಎರಡೂ ಭಾಷೆಯಲ್ಲಿ ಬರೆದು ತೋರಿಸುತ್ತಾರೆ.