ನಾಲಗೆಯ ಚಪಲಕ್ಕೆ ಮೆದುಳಿನ ಕನ್ನಡಿ



ಹೊಟ್ಟೆ ತುಂಬಿದ್ದರೂ ಕೋಠಿಯ ಗೋಕುಲ್ ಚಾಟ್ ಅಂಗಡಿಯ ಮುಂದೆ ಕಾಲು ತಾನಾಗಿ ನಿಲ್ಲುವುದು ನಮಗೆಲ್ಲ ತಿಳಿದದ್ದೇ. ಇದು ಹಸಿವಲ್ಲ, ಚಪಲ. ನಾವೂ ಇದನ್ನು ನಗೆಯ ಮಾತೆಂದೇ ಬಗೆದಿದ್ದೆವು. ಆದರೆ ನಮ್ಮ ಮನೆಯ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯಿಂದ ಕಾಲ್ಬೆರಳು ಕಳೆದುಕೊಂಡ ಮೇಲೆ ನಗು ಅಡಗಿತು. ಬಾಯಿ ಕಟ್ಟಿರೆಂದು ಅವರನ್ನು ಎಲ್ಲರೂ ಗದರಿದೆವು. ಕಟ್ಟುವುದು ಹೇಗೆಂದು ಒಬ್ಬರೂ ಹೇಳಿಕೊಡಲಿಲ್ಲ.

ಚಪಲ ಹುಟ್ಟುವುದು ಮೆದುಳಿನಲ್ಲಿ. ತಿಂಡಿಯ ನೋಟ, ವಾಸನೆ, ನೆನಪು ಅದನ್ನು ಕೆರಳಿಸುತ್ತವೆ. ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಹೊರಗಿನಿಂದಲೇ ಅಳೆಯಬಹುದೆಂದು ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದರು. ಆ ವಿದ್ಯೆಯಿಂದ ಮುಂದೆ ಬೆಳೆದದ್ದೇ ನ್ಯೂರೋಫೀಡ್‌ಬ್ಯಾಕ್ ತರಬೇತಿ. ತಲೆಗೆ ಪುಟ್ಟ ಲೋಹದ ಬಿಲ್ಲೆಗಳನ್ನಿಟ್ಟು ತಿಂಡಿಯ ಚಿತ್ರ ತೋರಿಸುತ್ತಾರೆ. ಉದ್ವೇಗದ ಅಲೆ ಏರುವುದೂ, ಮನಸ್ಸನ್ನು ಸಡಿಲಿಸಿದಾಗ ಇಳಿಯುವುದೂ ಪರದೆಯ ಮೇಲೆ ಕಾಣುತ್ತದೆ. ಕನ್ನಡಿ ನೋಡಿ ಬೈತಲೆ ತಿದ್ದಿಕೊಳ್ಳುವಂತೆ, ನೋಡನೋಡುತ್ತ ಆ ಅಲೆಯನ್ನು ಇಳಿಸಲು ಕಲಿಯುವುದೇ ಇಲ್ಲಿಯ ಅಭ್ಯಾಸ.

ಊಟದಲ್ಲಿ ಕಟ್ಟುನಿಟ್ಟಾಗಿರಲು ಹೆಣಗುವ ಮಹಿಳೆಯರಿಗೆ ಜರ್ಮನಿಯಲ್ಲಿ ಈ ತರಬೇತಿ ಕೊಟ್ಟು ನೋಡಿದಾಗ, ಅವರು ಮಿತಿಮೀರಿ ತಿನ್ನುವ ಪ್ರಸಂಗಗಳು ಕಡಿಮೆಯಾದುವೆಂದು 2015ರಲ್ಲಿ ವರದಿಯಾಯಿತು. ಅದು ಸಣ್ಣ ಪರೀಕ್ಷೆ. ಇದರಲ್ಲಿ ಯಂತ್ರದ ಗುಣವೆಷ್ಟು, ನಂಬಿಕೆಯ ಗುಣವೆಷ್ಟು ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ, ತಲೆಗೆ ಪೆಟ್ಟು ಬಿದ್ದವರ ಚೇತರಿಕೆಗಾಗಿ ಈ ತರಬೇತಿಯನ್ನು ಬಳಸಿ ಅಧ್ಯಯನ ನಡೆಸಿದ್ದಾರೆ. ಆದುದರಿಂದ ಇದನ್ನು ಹಳಿಯಲೂ ಬೇಡಿ, ಜಾಹೀರಾತು ನಂಬಿ ಹಣ ಸುರಿಯಲೂ ಬೇಡಿ. ಸಕ್ಕರೆ ಕಾಯಿಲೆಯವರಂತೂ ವೈದ್ಯರನ್ನು ಕೇಳದೆ ಮಾತ್ರೆ ಬಿಡಕೂಡದು.

ಯಂತ್ರವಿಲ್ಲದೆಯೂ ಕಲಿಯಬಹುದಾದ ಪಾಠವೊಂದುಂಟು. ಚಪಲವು ಅಲೆಯಂತೆ, ಏರಿದ್ದು ಇಳಿಯುತ್ತದೆ. ಏರಿತೆಂದು ಗುರುತಿಸಿದವನು ಇಳಿಯುವ ತನಕ ಕಾಯಬಲ್ಲ. ಊರು ಬಿಟ್ಟು ಬಂದ ನಮಗೆ ಹೋಳಿಗೆಯೆಂದರೆ ಬರಿಯ ಸಿಹಿಯಲ್ಲ. ಅದು ಅಮ್ಮನ ಅಡುಗೆಮನೆ, ತವರಿನ ಹಬ್ಬ. ಹಿರಿಯರು ಎರಡನೆಯ ಹೋಳಿಗೆಗೆ ಕೈ ಚಾಚಿದರೆ ನಾವು ಗದರಬೇಕಾಗಿಲ್ಲ. ಪಕ್ಕದಲ್ಲಿ ಹತ್ತು ನಿಮಿಷ ಕುಳಿತು, ಅವರ ಊರಿನ ಹಬ್ಬದ ಕಥೆ ಕೇಳೋಣ. ಕೈ ಬೇಡಿದ್ದು ಹೋಳಿಗೆಯನ್ನಾದರೂ ಮನಸ್ಸು ಬೇಡಿದ್ದು ಊರನ್ನೇ ಇರಬಹುದು. ನಮ್ಮ ಹಿರಿಯರಿಗೆ ನಾವು ಇಷ್ಟನ್ನು ತಡವಾಗಿ ಕೊಟ್ಟೆವು. ನೀವು ತಡಮಾಡಬೇಡಿರೆಂದು ಅರಿಕೆ ಮಾಡಿ, ನಮ್ಮ ಎರಡು ಮಾತುಗಳನ್ನು ಮುಗಿಸುತ್ತೇವೆ.