ಪಂದ್ಯದ ಈಜು ಮತ್ತು ಅದರ ಅಭ್ಯಾಸ



ಈಜು ನಮ್ಮ ನಾಡಿಗೆ ಹೊಸ ವಿದ್ಯೆಯಲ್ಲ. ಬೆನ್ನಿಗೆ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಸಿಕೊಂಡು ಊರ ಬಾವಿಗೆ ಧುಮುಕಿ, ನಾಲ್ಕು ಗುಟುಕು ನೀರು ಕುಡಿದು, ಕೊನೆಗೆ ಬುರುಡೆಯ ಹಂಗನ್ನು ತೊರೆದವರು ನಿಮ್ಮಲ್ಲಿ ಅನೇಕರಿರಬಹುದು. ಆದರೆ ಮುಳುಗದಂತೆ ಈಜುವುದು ಬೇರೆ, ಪಂದ್ಯದಲ್ಲಿ ಗೆಲ್ಲುವಂತೆ ಈಜುವುದು ಬೇರೆ. ಮೊದಲನೆಯದಕ್ಕೆ ಧೈರ್ಯವಿದ್ದರೆ ಬಹುಮಟ್ಟಿಗೆ ಸಾಕು; ಎರಡನೆಯದಕ್ಕೆ ಶಾಸ್ತ್ರವೂ ಬೇಕು, ತಾಳ್ಮೆಯೂ ಬೇಕು. ನಾವು ಕಾಲೇಜಿನಲ್ಲಿ ಪಾಠ ಹೇಳುವುದರ ಜೊತೆಗೆ ಹಲವು ವರ್ಷಗಳಿಂದ ವಿದ್ಯಾರ್ಥಿಗಳ ಈಜಿನ ತಂಡವನ್ನೂ ನೋಡಿಕೊಳ್ಳುತ್ತ ಬಂದವರು. ಆ ಅನುಭವದಲ್ಲಿ ಓದಿ ಕಲಿತುದನ್ನೂ ತಪ್ಪಿ ಕಲಿತುದನ್ನೂ, ಪಂದ್ಯಕ್ಕೆ ಸಿದ್ಧರಾಗುವ ತರುಣ ತರುಣಿಯರಿಗೆ ಮತ್ತು ಅವರ ತಾಯಿತಂದೆಗಳಿಗೆ ತಿಳಿಸುವುದೇ ಈ ಭಾಷಣದ ಉದ್ದೇಶ.

ಮೊದಲು ನೀರಿನ ಸ್ವಭಾವವನ್ನು ವಿಚಾರಿಸೋಣ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ಈಜುವವನ ವೇಗ ಎರಡರಷ್ಟಾದರೆ ನೀರು ಒಡ್ಡುವ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಆ ವೇಗವನ್ನು ಕಾಯ್ದುಕೊಳ್ಳಲು ಕ್ಷಣಕ್ಷಣಕ್ಕೂ ವೆಚ್ಚಮಾಡಬೇಕಾದ ಶಕ್ತಿಯಾದರೋ ಸುಮಾರು ಎಂಟರಷ್ಟು. ಇದರಿಂದ ಸಿದ್ಧವಾಗುವುದೇನು? ತೋಳಿನ ಬಲವನ್ನು ಹೆಚ್ಚಿಸಿಕೊಂಡು ತಡೆಯನ್ನು ಎದುರಿಸುವುದಕ್ಕಿಂತ, ತಡೆಯನ್ನೇ ಕಡಮೆ ಮಾಡಿಕೊಳ್ಳುವುದು ಲಾಭದಾಯಕ. ಪೈಲ್ವಾನನಂಥ ದೇಹವುಳ್ಳವನು ನೀರಿನಲ್ಲಿ ಒದ್ದಾಡುತ್ತಿರುವಾಗ, ಕಡ್ಡಿಯಂಥ ಹುಡುಗಿಯೊಬ್ಬಳು ಮೀನಿನಂತೆ ಅವನನ್ನು ದಾಟಿ ಹೋಗುವುದರ ರಹಸ್ಯ ಇಷ್ಟೇ.

ತಡೆಯನ್ನು ಕಡಮೆ ಮಾಡುವ ಬಗೆ ಹೇಗೆ? ಸ್ವಚ್ಛಂದ ಈಜಿನಲ್ಲಿ ತಲೆಯನ್ನು ಮೇಲೆತ್ತಿದರೆ ಸೊಂಟವೂ ಕಾಲೂ ಕೆಳಗಿಳಿಯುತ್ತವೆ. ದೇಹವು ಓರೆಯಾಗಿ ನಿಂತ ಹಲಗೆಯಂತೆ ನೀರನ್ನು ತಳ್ಳತೊಡಗುತ್ತದೆ. ಆದುದರಿಂದ ದೃಷ್ಟಿ ಕೊಳದ ತಳದ ಕಡೆಗಿರಬೇಕು. ಉಸಿರಿಗೆ ತಲೆಯನ್ನು ಎತ್ತದೆ, ಮೈಯ ಹೊರಳಿಕೆಯೊಡನೆ ಪಕ್ಕಕ್ಕೆ ತಿರುಗಿಸಬೇಕು. ಉಸಿರನ್ನು ನೀರಿನೊಳಗೇ ಬಿಟ್ಟಿದ್ದರೆ, ಮೇಲೆ ಬಂದಾಗ ಎಳೆದುಕೊಳ್ಳುವುದೊಂದೇ ಕೆಲಸ ಉಳಿಯುತ್ತದೆ. ಕಾಲಿನ ಬಡಿತ ಮಂಡಿಯಿಂದಲ್ಲ, ತೊಡೆಯ ಬುಡದಿಂದ ಹೊರಡಬೇಕು. ಕೈ ನೀರನ್ನು ಹಿಡಿಯುವಾಗ ಮೊಣಕೈ ಮೇಲಿದ್ದು, ಅಂಗೈಯೂ ಮುಂಗೈಯೂ ಒಂದೇ ಹುಟ್ಟಿನಂತೆ ನೀರನ್ನು ಹಿಂದಕ್ಕೆ ಒತ್ತಬೇಕು. ಇದಕ್ಕೊಂದು ಸುಲಭವಾದ ಪರೀಕ್ಷೆಯುಂಟು: ಕೊಳದ ಒಂದು ಉದ್ದಕ್ಕೆ ಎಷ್ಟು ಕೈ ಬೀಸಿದಿರೆಂಬುದನ್ನು ಎಣಿಸಿರಿ. ಅದೇ ಕಾಲದಲ್ಲಿ ಅದೇ ದೂರವನ್ನು ಮುಂದಿನ ತಿಂಗಳು ಎರಡು ಬೀಸು ಕಡಮೆಯಲ್ಲಿ ಮುಟ್ಟಿದರೆ, ಅಭ್ಯಾಸ ಫಲಿಸಿತೆಂದು ತಿಳಿಯಬಹುದು.

ದೋಷಗಳಲ್ಲಿ ಬಹುಪಾಲು ನೀರಿನ ಕೆಳಗೇ ಅಡಗಿರುತ್ತವೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ಪ್ರಸಿದ್ಧ ಶಿಕ್ಷಕರಾದ ಜೇಮ್ಸ್ ಕೌನ್ಸಿಲ್‌ಮನ್ ಎಂಬವರು ನೀರಿನೊಳಗಿನಿಂದ ಚಲನಚಿತ್ರಗಳನ್ನು ತೆಗೆದು ಈಜುಗಾರರ ಚಲನೆಯನ್ನು ಪರಿಶೀಲಿಸಿ, 1968ರಲ್ಲಿ ಈ ವಿದ್ಯೆಯ ವಿಜ್ಞಾನವನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಏಳು ಸ್ವರ್ಣಪದಕಗಳನ್ನು ಗೆದ್ದ ಮಾರ್ಕ್ ಸ್ಪಿಟ್ಜ್ ಇವರ ಶಿಷ್ಯನೇ. ಶಿಷ್ಯರಿಗೆ ಬೋಧಿಸಿ ತಾವು ದಡದಲ್ಲಿ ಕುಳಿತವರಲ್ಲ ಇವರು. 1979ರಲ್ಲಿ ತಮ್ಮ 58ನೆಯ ವಯಸ್ಸಿನಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದರು. ಅವರ ಕೆಲವು ವಿವರಣೆಗಳನ್ನು ಮುಂದಿನವರು ತಿದ್ದಿರುವುದುಂಟು. ಆದರೆ ಶಿಕ್ಷಕನ ಕಣ್ಣು ನೀರಿನ ಕೆಳಗಿರಬೇಕೆಂಬ ಪಾಠ ಇಂದಿಗೂ ಮಾನ್ಯವಾಗಿದೆ.

ಇನ್ನು ಅಭ್ಯಾಸದ ಪ್ರಮಾಣ. ಹುಡುಗರು ದಿನವೂ ಒಂದೇ ಸಮನೆ ಮೈಲಿಗಟ್ಟಲೆ ಈಜಿದರೆ ವೇಗ ತಾನಾಗಿ ಬರುವುದೆಂದು ಹಲವರು ಭಾವಿಸುತ್ತಾರೆ. ನಿಧಾನವಾಗಿ ಈಜುವವನು ನಿಧಾನವಾಗಿ ಈಜುವುದನ್ನೇ ಚೆನ್ನಾಗಿ ಕಲಿಯುತ್ತಾನೆ. 1000 ಮೀಟರುಗಳನ್ನು ಎಡೆಬಿಡದೆ ಈಜುವುದಕ್ಕೆ ಬದಲಾಗಿ, 100 ಮೀಟರುಗಳನ್ನು ಹತ್ತು ಸಲ, ನಡುನಡುವೆ 15 ಅಥವಾ 20 ಸೆಕೆಂಡು ವಿರಾಮವಿತ್ತು ಈಜಿದರೆ, ದೂರ ಅಷ್ಟೇ ಆದರೂ ವೇಗ ಹೆಚ್ಚು. ದಣಿವಿನಲ್ಲಿಯೂ ರೂಪ ಕೆಡದು. ಮೊದಲು ಮೈ ಬೆಚ್ಚಗಾಗುವಷ್ಟು ಲಘುವಾಗಿ, ಕೊನೆಗೆ ಏದುಸಿರು ಇಳಿಯುವಷ್ಟು ಮೆಲ್ಲಗೆ ಈಜುವುದನ್ನು ಎಂದೂ ಬಿಡಬಾರದು. ದೊಡ್ಡ ಪಂದ್ಯಕ್ಕೆ ಎರಡು ಮೂರು ವಾರಗಳಿರುವಾಗ ದೂರವನ್ನು ಕ್ರಮವಾಗಿ ಇಳಿಸಿ, ವೇಗದ ತುಣುಕುಗಳನ್ನು ಮಾತ್ರ ಉಳಿಸಿಕೊಳ್ಳತಕ್ಕದ್ದು. ದೇಹ ಬಲಿಯುವುದು ದುಡಿತದಲ್ಲಲ್ಲ, ದುಡಿತದ ಮೇಲಿನ ವಿಶ್ರಾಂತಿಯಲ್ಲಿ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನೆಲ್ಲ ನುಂಗಲು ಹೊರಡುವ ವಿದ್ಯಾರ್ಥಿಯ ಗತಿಯನ್ನು ನಾವು ಪ್ರತಿವರ್ಷವೂ ನೋಡುವವರಾದುದರಿಂದ, ಈ ಮಾತನ್ನು ಒತ್ತಿ ಹೇಳುತ್ತೇವೆ.

ಜಿಗಿತ, ಗೋಡೆಯ ತಿರುವು ಇವುಗಳನ್ನು ಅಭ್ಯಾಸದ ಕೊನೆಯ ಐದು ನಿಮಿಷಗಳಿಗೆ ತಳ್ಳುವುದು ಮತ್ತೊಂದು ತಪ್ಪು. ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್ ತಿಂಗಳಲ್ಲಿ ರೋಮ್ ನಗರದಲ್ಲಿ 100 ಮೀಟರು ಹಿಮ್ಮುಖ ಈಜನ್ನು 53.77 ಸೆಕೆಂಡುಗಳಲ್ಲಿ ಮುಗಿಸಿ ಟೋಕಿಯೋ ಒಲಿಂಪಿಕ್ಸಿಗೆ ಅರ್ಹತೆ ಪಡೆದರು. ಅರ್ಹತೆಯ ಗಡಿ 53.85. ಅಂತರ ಒಂದು ಸೆಕೆಂಡಿನ ನೂರರಲ್ಲಿ ಎಂಟು ಪಾಲು. ಆ ವೇಗದಲ್ಲಿ ಅದು ಒಂದು ಗೇಣಿಗಿಂತಲೂ ಕಡಮೆ ದೂರ. ವರ್ಷಗಟ್ಟಲೆಯ ತಪಸ್ಸು ಒಂದು ಗೇಣಿನಲ್ಲಿ ತೀರ್ಮಾನವಾಗುವಾಗ, ತಿರುವಿನಲ್ಲಿ ಕಳೆದ ಅರ್ಧ ಸೆಕೆಂಡನ್ನು ಅಲ್ಪವೆನ್ನಬಹುದೆ? ಹಿಮ್ಮುಖ ಈಜುಗಾರನು ಗೋಡೆಗೆ 5 ಮೀಟರು ಈಚೆಗೆ ಮೇಲೆ ಕಟ್ಟಿದ ಬಾವುಟಗಳಿಂದ ತನ್ನ ಬೀಸುಗಳನ್ನು ಎಣಿಸಿ ತಿರುಗಲು ಕಲಿಯಬೇಕು. ಗೋಡೆಯನ್ನು ಒದ್ದ ಮೇಲೆ ಕೈಗಳನ್ನು ತಲೆಯ ಮುಂದೆ ಜೋಡಿಸಿ ಬಾಣದಂತೆ ಸಾಗಬೇಕು. ಆದರೆ ಸ್ವಚ್ಛಂದ, ಹಿಮ್ಮುಖ, ಚಿಟ್ಟೆ ಈಜುಗಳಲ್ಲಿ 15 ಮೀಟರಿನೊಳಗೆ ತಲೆ ನೀರಿನಿಂದ ಮೇಲೆ ಬರಬೇಕೆಂಬ ನಿಯಮವನ್ನು ಮರೆಯಕೂಡದು.

ಈಗ, ಹೇಳಲು ನಮಗೆ ನಾಚಿಕೆಯಾಗುವ ಒಂದು ಪ್ರಸಂಗವನ್ನು ಹೇಳಲೇಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದ ಹುಡುಗನೊಬ್ಬನು, ಉಸಿರು ಕಟ್ಟಿ ನೀರಿನೊಳಗೆ ಎರಡು ಉದ್ದ ಹೋಗುವೆನೆಂದು ಗೆಳೆಯರೊಡನೆ ಪಣತೊಟ್ಟನು. ಜೋರುಜೋರಾಗಿ ಇಪ್ಪತ್ತು ಸಲ ಉಸಿರೆಳೆದುಕೊಂಡು ಮುಳುಗಿದನು. ನಾವು ಸ್ಟಾಪ್‌ವಾಚು ಹಿಡಿದು ದಡದಲ್ಲಿ ನಿಂತಿದ್ದೆವು. ತಡೆಯಲಿಲ್ಲ, ಬದಲಾಗಿ ಹುರಿದುಂಬಿಸಿದೆವು. ಎರಡನೆಯ ಉದ್ದದ ನಡುವೆ ಅವನು ನಿಂತನು. ಇನ್ನೂ ಪ್ರಯತ್ನಿಸುತ್ತಿರುವನೆಂದೇ ನಾವು ಬಗೆದೆವು. ಪಕ್ಕದಲ್ಲಿದ್ದ ಮತ್ತೊಬ್ಬ ಹುಡುಗ ನಮ್ಮ ಮಾತಿಗೆ ಕಾಯದೆ ಧುಮುಕಿ ಅವನನ್ನು ಎಳೆದು ತರದಿದ್ದರೆ, ಆ ತಾಯಿಗೆ ಏನು ಉತ್ತರ ಹೇಳುತ್ತಿದ್ದೆವೋ! ಹುಡುಗ ಬದುಕಿದನು. ಆದರೆ ಆ ಗಡಿಯಾರದ ಟಿಕ್‌ಟಿಕ್ ನಮ್ಮ ಕಿವಿಯಿಂದ ಇಂದಿಗೂ ಹೋಗಿಲ್ಲ.

ಇದರ ಕಾರಣವನ್ನು ಎಲ್ಲರೂ ತಿಳಿದಿರಬೇಕು. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ರಕ್ತದಲ್ಲಿ ಸಂಗ್ರಹವಾಗುವ ಇಂಗಾಲಾಮ್ಲ ವಾಯು. ಮೇಲಿಂದ ಮೇಲೆ ಉಸಿರೆಳೆದು ಬಿಟ್ಟರೆ ಆ ವಾಯು ಹೊರಟುಹೋಗುತ್ತದೆಯೇ ಹೊರತು ಆಮ್ಲಜನಕವೇನೂ ಅಷ್ಟಾಗಿ ಹೆಚ್ಚುವುದಿಲ್ಲ. ಎಚ್ಚರಿಸಬೇಕಾದ ಕಾವಲುಗಾರನನ್ನೇ ಹೊರಗೆ ಕಳುಹಿಸಿದಂತಾಯಿತು! ತವಕ ಹುಟ್ಟುವ ಮೊದಲೇ ಆಮ್ಲಜನಕ ತೀರಿ, ಈಜುವವನು ಸದ್ದಿಲ್ಲದೆ ಪ್ರಜ್ಞೆ ತಪ್ಪುತ್ತಾನೆ. ನುರಿತ ಈಜುಗಾರರೂ ಹೀಗೆ ಪ್ರಾಣ ಕಳೆದುಕೊಂಡಿದ್ದಾರೆ. ಆದುದರಿಂದ ಉಸಿರು ಕಟ್ಟುವ ಪಣಗಳನ್ನು ಸಂಪೂರ್ಣವಾಗಿ ನಿಷೇಧಿಸಬೇಕು. ಒಬ್ಬಂಟಿಯಾಗಿ ಯಾರೂ ನೀರಿಗಿಳಿಯಬಾರದು. ಕಾಯುವವನ ಕಣ್ಣು ಗಡಿಯಾರದ ಮೇಲಲ್ಲ, ನೀರಿನ ಮೇಲಿರಬೇಕು.

ತಾಯಿತಂದೆಗಳಲ್ಲಿ ಒಂದು ವಿಜ್ಞಾಪನೆ. ಮಗು ಭುಜ ನೋಯುತ್ತದೆಂದರೆ ಸೋಮಾರಿತನವೆಂದು ಗದರಿಸಬೇಡಿರಿ. ಒಂದೇ ಚಲನೆಯನ್ನು ಸಾವಿರಾರು ಸಲ ಮಾಡುವ ಕೀಲು ಅದು, ವೈದ್ಯರಿಗೆ ತೋರಿಸಿರಿ. ನೀರಿನಲ್ಲಿಯೂ ಬೆವರು ಹರಿಯುವುದರಿಂದ ಕುಡಿಯಲು ನೀರು ಕೊಡಿರಿ. ಹೊಟ್ಟೆ ತುಂಬ ಅನ್ನವನ್ನೂ ಕಣ್ತುಂಬ ನಿದ್ರೆಯನ್ನೂ ಕೊಡಿರಿ. ಹತ್ತು ವರ್ಷದ ಕೂಸಿನಿಂದ ಪದಕವನ್ನು ಕೇಳಬೇಡಿರಿ. ಆ ವಯಸ್ಸಿನಲ್ಲಿ ಅಚ್ಚುಕಟ್ಟಾದ ರೂಪ ಬಂದರೆ ಸಾಕು. ವೇಗ ಬೆಳೆಯಲು ಮುಂದೆ ಕಾಲವುಂಟು.

ಪಂದ್ಯದಲ್ಲಿ ಒಬ್ಬನೇ ಗೆಲ್ಲುತ್ತಾನೆ. ಆದರೆ ಇಳಿದವರೆಲ್ಲರೂ ಕ್ಷೇಮವಾಗಿ ದಡಕ್ಕೆ ಬರಬೇಕು. ಶಿಕ್ಷಕನ ಮೊದಲನೆಯ ಲೆಕ್ಕ ಇದೇ. ಸೆಕೆಂಡುಗಳ ಲೆಕ್ಕ ಆಮೇಲಿನದು. ಇಷ್ಟನ್ನು ನಿವೇದಿಸಿ ವಿರಮಿಸುತ್ತೇವೆ.